ಇಪ್ಪತ್ತು ಗುಂಟೆ ಕಬ್ಬು

"ಹೆಣಾನ ಒಂಚೂರು ಈ ಕಡೆ ತಿರುಗಿಸ್ರಮ್ಮಾ, ಚಿಹ್ನೆ ಕಾಣಿಸ್ತಿಲ್ಲ."

ಹಾಗೆಂದವರು ನಮ್ಮ ಪಕ್ಷದ ತಾಲ್ಲೂಕು ಅಧ್ಯಕ್ಷರಾದ ಶ್ರೀಕಂಠಯ್ಯನವರು. ಹೆಣ ನಮ್ಮಪ್ಪ ಜವರಯ್ಯನದು. ಬೆಳಿಗ್ಗೆ ಆರಕ್ಕೆ ಉಸಿರು ನಿಂತಿತ್ತು, ಒಂಬತ್ತಕ್ಕೆಲ್ಲ ಶ್ರೀರಂಗಪಟ್ಟಣದಿಂದ ಎರಡು ಕಾರು ಬಂದು ಕೇರಿಯಲ್ಲಿ ನಿಂತವು. ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಅಪ್ಪನ ಎದೆಗೆ ಬಾವುಟ ಹೊದಿಸಿದರು. ಚಿಹ್ನೆ ಅಪ್ಪನ ಕಂಕುಳಲ್ಲಿ ಮಡಚಿಕೊಂಡಿತ್ತು. ನನ್ನ ಚಿಕ್ಕಪ್ಪನ ಮಗ ದೊಡ್ಡಮಂಚ ಎದ್ದು ಅಪ್ಪನ ಭುಜ ಹಿಡಿದು ತಿರುಗಿಸಿದ. ಹೇಳಿದ್ದನ್ನು ಮಾಡಿ ಮಾಡಿ ಅಭ್ಯಾಸವಾದ ಮೈ, ಅವನ ತಪ್ಪಲ್ಲ. ಫೋಟೊ ಹೊಡೆದರು.

"ಎಷ್ಟು ವರ್ಷದಿಂದ ಪಕ್ಷದಲ್ಲಿದ್ರು?" ಶ್ರೀಕಂಠಯ್ಯನವರು ಫೋನಿನಲ್ಲಿ ಬರೆಯುತ್ತ ಕೇಳಿದರು.

"ಮೀಸೆ ಬಂದಾಗಿಂದ" ಎಂದಳು ನಮ್ಮವ್ವ ಮಾಯಮ್ಮ.

ಅದು ಸುಳ್ಳಲ್ಲ. ಅರಕೆರೆ ಸುತ್ತಮುತ್ತ ನಾಲೆ ಪಕ್ಕದ ಅಷ್ಟೂ ಹಳ್ಳಿಗಳ ಗೋಡೆಗೆ ಸುಣ್ಣ ಬಳಿದು ಪಕ್ಷದ ಚಿಹ್ನೆ ಬರೆದವನು ನಮ್ಮಪ್ಪ. ಒಂದಕ್ಷರ ಬಾರದ ಮನುಷ್ಯ ಆ ಒಂದು ಚಿತ್ರವನ್ನು ಮಾತ್ರ ಕಣ್ಣು ಮುಚ್ಚಿ ಬರೆಯುತ್ತಿದ್ದ. ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ನೇಗಿಲು ಹಿಡಿದು ಉತ್ತಿದ್ದು ನಮ್ಮ ತಾತ, ಗೇಣಿ ಚೀಟಿ ಇದ್ದದ್ದು ಗೌಡರ ಹೆಸರಿಗೆ. ಜಮೀನು ಅವರಿಗೆ ಹೋಯಿತು, ಕಾನೂನು ತಂದ ಪಕ್ಷದವರ ಫೋಟೊ ನಮ್ಮ ಗೋಡೆಗೆ ಬಂತು. ಆಮೇಲೆ ಎರಡಂಕಣದ ಈ ಜನತಾ ಮನೆ ಸಿಕ್ಕಿತು. ಅಷ್ಟಕ್ಕೇ ಅಪ್ಪ ಜನ್ಮಪೂರ್ತಿ ಋಣಿಯಾದ. ನಾನು ಏನಾದರೂ ಎದುರಾಡಿದರೆ, "ಉಂಡ ಮನೆ ಜಂತೆ ಎಣಿಸ್ಬಾರ್ದು ಕಣವ್ವ" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವನು ಹೇಳಿದ ಕಡೆಗೇ ವೋಟು ಒತ್ತಿ ಬರುತ್ತಿದ್ದೆ. ಕೇರಿಯ ನಾನೂರು ವೋಟೂ ಅಪ್ಪ ಹೇಳಿದ ಕಡೆಗೇ ಹೋಗುತ್ತಿದ್ದವು.

ಅಪ್ಪ ಪಕ್ಷವನ್ನು ಕೇಳಿದ್ದು ಒಂದೇ ಒಂದು. ನಮ್ಮ ಕೇರಿಗೆ ಇಪ್ಪತ್ತು ಗುಂಟೆ ಮಸಾಣವಿದೆ. ಪಹಣಿಯಲ್ಲಿ ಹರಿಜನ ಸ್ಮಶಾನ ಅಂತಲೇ ಬರೆದಿದೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ನಾಡಕಚೇರಿಗೆ ಹೋಗಿ ತೆಗೆಸಿಟ್ಟುಕೊಂಡಿದ್ದೇನೆ. ಆದರೆ ಕಾಗದ ಬಿಟ್ಟು ನೆಲ ನೋಡಿದರೆ ಅದು ಊರ ಗೌಡರ ಮನೆಯ ನಾಗರಾಜುವಿನ ಕಬ್ಬಿನ ಗದ್ದೆ. ಅವನಪ್ಪ ವರ್ಷಕ್ಕೆ ಎರಡು ಸಾಲಿನಂತೆ ಒತ್ತರಿಸಿಕೊಂಡು ಬಂದು ಮುಗಿಸಿದ. ಅಂದಿನಿಂದ ನಮ್ಮ ಹೆಣಗಳಿಗೆ ನಾಲೆ ಏರಿಯೇ ಗತಿ. ನಾಲ್ಕು ವರ್ಷದ ಹಿಂದೆ ಏರಿ ರಿಪೇರಿಗೆ ಮಣ್ಣು ಬಗೆದಾಗ ಮೂಳೆಗಳು ಎದ್ದು ಬಂದವು. ಬೆಳ್ಳಿ ಕಾಲುಂಗುರ ನೋಡಿ ಗುರುತು ಹಿಡಿದು, ಅಪ್ಪ ತನ್ನ ತಾಯಿಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಮನೆಗೆ ಬಂದ.

"ನನ್ನ ಮಾತ್ರ ಏರಿ ಮ್ಯಾಲೆ ಮಡಗ್ಬೇಡ್ರವ್ವ" ಎಂದು ಅವತ್ತೇ ಹೇಳಿದ್ದ.

ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಿದ್ದ ಜಿಲ್ಲಾ ಪಂಚಾಯಿತಿ ಎಲೆಕ್ಷನ್ ಕೊನೆಗೂ ಬಂತು. ಹಿಂದಿನ ತಿಂಗಳವರೆಗೂ ಎದುರು ಪಾರ್ಟಿಯಲ್ಲಿದ್ದ ನಾಗರಾಜು ನಮ್ಮ ಪಕ್ಷದ ಶಾಲು ಹಾಕಿಸಿಕೊಂಡ, ವಾರದಲ್ಲಿ ಟಿಕೇಟೂ ಸಿಕ್ಕಿತು. ಕೇರಿಯೆಲ್ಲ ಬಾಯಿ ಬಾಯಿ ಬಿಟ್ಟುಕೊಂಡು ನೋಡಿತು. ಅಪ್ಪನಿಗೆ ಮಾತ್ರ ನಂಬಿಕೆ ಹೋಗಲಿಲ್ಲ.

"ಶ್ರೀಕಂಠಯ್ಯೋರ್ಗೆ ಗೊತ್ತಿಲ್ಲ ಕಣವ್ವ, ಇವ್ನು ನಮ್ ಮಸಾಣ ನುಂಗವ್ನೆ ಅಂತ. ಗೊತ್ತಿದ್ರೆ ಕೊಟ್ಟಾರಾ? ಒಂದ್ ಅರ್ಜಿ ಬರಿ, ಓಗಿ ಯೋಳ್ಬುಟ್ಟು ಬರಣ."

ಬರೆದೆ. ಬಸ್ಸು ಹತ್ತಿ ಶ್ರೀರಂಗಪಟ್ಟಣದ ಪಕ್ಷದ ಆಫೀಸಿಗೆ ಹೋದೆವು. ಅಪ್ಪ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು ಬಾಗಿಲಲ್ಲಿ ನಿಂತ. ಶ್ರೀಕಂಠಯ್ಯನವರು ಅರ್ಜಿ ಇಸಿದುಕೊಂಡರು, ಓದಲಿಲ್ಲ. ಪಕ್ಕದ ಸೋಫಾದಲ್ಲಿ ಕಾಫಿ ಕುಡಿಯುತ್ತಿದ್ದ ನಾಗರಾಜುವಿಗೆ ದಾಟಿಸಿ, "ನಿಮ್ಮೂರಿಂದೇ ಅಣ್ಣಾ, ನೀವೇ ನೋಡಿ" ಎಂದರು.

ನಾಗರಾಜು ನಿಧಾನವಾಗಿ ಓದಿದ. ಕಾಗದವನ್ನು ಕಾಫಿ ಲೋಟದ ಕೆಳಗಿಟ್ಟ.

"ಏನ್ಲಾ ಜವ್ರ, ಇನ್ನೂ ಸತ್ತಿಲ್ಲ, ಆಗ್ಲೇ ಗುಂಡಿ ಕೇಳ್ಕಂಡ್ ಬಂದಿದ್ದೀಯಲ್ಲೋ! ಅಷ್ಟೊಂದ್ ಅರ್ಜೆಂಟಾ?"

ಆಫೀಸಿನಲ್ಲಿದ್ದವರೆಲ್ಲ ನಕ್ಕರು. "ಇಲ್ಲ ಬುದ್ಧಿ" ಅಂತ ಅಪ್ಪನೂ ನಕ್ಕ. ಆ ನಗುವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅರಕೆರೆಯಲ್ಲಿ ಬಸ್ಸು ಇಳಿದ ಮೇಲೆ ಅಪ್ಪ, "ಗೊತ್ತಿತ್ತು ಕಣವ್ವ ಅವ್ರಿಗೆ" ಎಂದ. ಅಷ್ಟೇ. ಅವತ್ತು ಹಾಸಿಗೆ ಹಿಡಿದವನು ಇಪ್ಪತ್ತು ದಿನಕ್ಕೆ ಹೋದ.

ಫೋಟೊ ಆದ ಮೇಲೆ ಶ್ರೀಕಂಠಯ್ಯನವರು ಹೊರಡಲು ಎದ್ದರು. ನಾನು ಅಡ್ಡ ನಿಂತೆ.

"ಮಣ್ಣು ಎಲ್ ಮಾಡದು ಸಾರ್?"

"ನೀತಿ ಸಂಹಿತೆ ಜಾರಿಲಿದೆಯಮ್ಮ. ಈಗ ಒಂದಡಿ ಜಾಗ ತೋರಿಸಿದ್ರೂ ಆಮಿಷ ಅಂತ ಕೇಸ್ ಹಾಕ್ತಾರೆ. ಎಲೆಕ್ಷನ್ ಮುಗೀಲಿ, ಮಾಡೋಣ."

"ಎಲೆಕ್ಷನ್ ಮುಗ್ಯಗಂಟ ಎಣ ಎಲ್ ಮಡಿಕಳಣ? ನಿಮ್ಮಾಫೀಸ್ನಲ್ಲಿ ಜಾಗ ಅದಾ?"

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನನ್ನ ಮುಖ ನೋಡಿದರು. ಅಷ್ಟರಲ್ಲಿ ಕೇರಿಯ ಬಾಯಲ್ಲಿ, ನೀರಿನ ತೊಂಬೆಯ ಹತ್ತಿರ ನಾಗರಾಜುವಿನ ಕಾರು ಬಂದು ನಿಂತಿತು. ಬಾಗಿಲು ತೆಗೆದ, ಒಂದು ಕಾಲು ಕೆಳಗಿಟ್ಟ, ಇನ್ನೊಂದು ಕಾಲು ಕಾರಿನಲ್ಲೇ ಉಳಿಯಿತು. ಹಾರವನ್ನು ಡ್ರೈವರ್ ಕೈಲಿ ಕಳಿಸಿ, ನನಗೆ ಬರಹೇಳಿದ.

"ಮನೇಲಿ ದೇವ್ರ ಕಾರ್ಯ ಮಡಿಕಂಡಿದ್ದೀವಿ ಕಣಮ್ಮಿ, ಒಳಕ್ ಬರಂಗಿಲ್ಲ. ನಿಮ್ಮಪ್ಪ ಒಳ್ಳೆ ಮನ್ಸ, ಒಂದಿನ ಎದುರುತ್ತರ ಕೊಟ್ಟೋನಲ್ಲ. ಏರಿ ಮ್ಯಾಕೆ ಜೆಸಿಬಿ ಕಳುಸ್ತೀನಿ, ಅತ್ ನಿಮ್ಸಕ್ಕೆ ಗುಂಡಿ ಆಯ್ತದೆ. ಮೂರ್ ಗಂಟೆಗೆಲ್ಲ ಮುಗಿಸ್ಬುಡಿ. ನಾಲ್ಕಕ್ಕೆ ಅರಕೆರೇಲಿ ಸಭೆ, ನಿಮ್ ತಮಟೆಯೋರು ಅಲ್ಲಿಗ್ ಬರ್ಬೇಕು."

ಇವನ ಅಪ್ಪ ಸತ್ತಾಗ ಮೂರು ಊರಿಗೆ ನಡೆದುಕೊಂಡು ಹೋಗಿ ಸಾವಿನ ಸುದ್ದಿ ಮುಟ್ಟಿಸಿದವನು ನಮ್ಮಪ್ಪ. ಗುಂಡಿ ತೋಡಿದವನೂ ಅವನೇ.

"ಏರಿ ಮೇಲ್ ಬ್ಯಾಡ ಅಪ್ಪೋರೆ. ನಮ್ ಮಸಾಣದಲ್ಲೇ ಮಾಡ್ತೀವಿ, ಬುಟ್ಕೊಡಿ. ಪಾಣೀಲಿ ಅದೆ."

"ಪಾಣೀನ ನಿಮ್ಮಪ್ಪನ ಎದೆ ಮ್ಯಾಲ್ ಮಡಗಿ ಮುಚ್ಚು, ಓಗು."

ಕಾರಿನ ಬಾಗಿಲು ಹಾಕಿಕೊಂಡ. ನಾನು ಹಿಂದಕ್ಕೆ ಬಂದು ಅವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವ್ವ ಅಳಲಿಲ್ಲ, ಶಾಪ ಹಾಕಲಿಲ್ಲ. ಎದ್ದು ಹೋಗಿ ಅಪ್ಪನ ಮೈಮೇಲಿದ್ದ ಬಾವುಟ ಎಳೆದಳು.

"ಇರ್ಲಿ ಬಿಡಮ್ಮ, ಪಕ್ಷದ ಗೌರವ ಅದು" ಎಂದರು ಶ್ರೀಕಂಠಯ್ಯನವರು.

"ಮೈ ತೊಳೀಬೇಕು ಸಾಮಿ, ಇಡ್ಕಳಿ."

ಬಾವುಟವನ್ನು ಅವರ ಕೈಗೇ ಹಾಕಿದಳು. ಹೆಣದ ಮೇಲಿದ್ದ ಬಟ್ಟೆ. ಅವರು ಎರಡು ಬೆರಳಲ್ಲಿ ಹಿಡಿದು ನಿಂತರು, ಆಮೇಲೆ ಡ್ರೈವರನಿಗೆ ಕೊಟ್ಟರು. ಅವ್ವ ಬಿಸಿನೀರು ಹೊಯ್ದು, ಗಂಡನ ಮೈ ಉಜ್ಜಿ, ಹೊಸ ಪಂಚೆ ಸುತ್ತಿದಳು. ಕೈ ಒರೆಸಿಕೊಂಡು ಹೆಂಗಸರ ಕಡೆ ತಿರುಗಿದಳು.

"ಎಲ್ರೂ ಮಚ್ಚು ಎತ್ಕಳಿ."

ಯಾಕೆ ಅಂತ ಯಾರೂ ಕೇಳಲಿಲ್ಲ. ಕಬ್ಬು ಕಡಿಯುವುದೇ ನಮ್ಮ ಕೇರಿಯ ಹೆಂಗಸರ ಕಸುಬು. ಮಸಾಣ ನುಂಗಿದ ಆ ಗದ್ದೆಯ ಹನ್ನೆರಡು ತಿಂಗಳು ತುಂಬಿದ ಕಬ್ಬನ್ನೂ ಮುಂದಿನ ವಾರ ಕಡಿದು ಆಲೆಮನೆಗೆ ಹಾಕಬೇಕೆಂದು ನಾಗರಾಜು ನಮಗೇ ಹೇಳಿದ್ದ. ನಾವು ಒಂದು ವಾರ ಮುಂಚೆ ಹೋದೆವು, ಅಷ್ಟೇ.

ತಮಟೆ ಮುಂದೆ, ಚಟ್ಟ ಹಿಂದೆ. ನಾಲೆಗೆ ಎಡಕ್ಕೆ ತಿರುಗಬೇಕಾದ ಕಡೆ ದೊಡ್ಡಮಂಚ ತಮಟೆ ಬಾರಿಸುತ್ತ ಬಲಕ್ಕೆ ತಿರುಗಿದ. ಹಿಂದೆ ಬರುತ್ತಿದ್ದ ಶ್ರೀಕಂಠಯ್ಯನವರ ಕಾರು ಹಾರನ್ ಹೊಡೆಯಿತು. ಯಾರೂ ತಿರುಗಿ ನೋಡಲಿಲ್ಲ. ಚಟ್ಟವನ್ನು ಬದುವಿನ ಮೇಲಿಳಿಸಿ, ಇಪ್ಪತ್ತು ಮಂದಿ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಗದ್ದೆಗಿಳಿದೆವು. ಬುಡಕ್ಕೊಂದು ಏಟು, ಸುಳಿಗೊಂದು ಏಟು, ಗರಿ ಸವರಿ ಪಕ್ಕಕ್ಕೆ. ಅರ್ಧ ಗಂಟೆಗೆ ಒಂದು ಗುಂಟೆಯಷ್ಟು ಜಾಗ ಬಯಲಾಯಿತು. ಕಡಿದ ಕಬ್ಬನ್ನು ಹೊರೆ ಕಟ್ಟಿ ಬದುವಿನ ಮೇಲೆ ಸಾಲಾಗಿ ಜೋಡಿಸಿದೆವು. ಒಂದು ಜಲ್ಲೆಯನ್ನೂ ಯಾರೂ ಬಾಯಿಗಿಡಲಿಲ್ಲ.

ಗಂಡಸರು ಗುಂಡಿ ತೋಡಿದರು. ಮೊಣಕಾಲುದ್ದ ಹೋಗುವಷ್ಟರಲ್ಲಿ ಹಾರೆಗೆ ಒಂದು ಹಳೆಯ ಮೂಳೆ ತಾಕಿತು. ದೊಡ್ಡಮಂಚ ಅದನ್ನು ಒರೆಸಿ ಪಕ್ಕಕ್ಕಿಟ್ಟು, "ನಮ್ಮೋರೇ ಕಣಕ್ಕ" ಎಂದ.

ಸುದ್ದಿ ಮುಟ್ಟಿ ನಾಗರಾಜು ಬಂದ. ಈ ಸಲ ಎರಡು ಕಾಲೂ ಕಾರಿನಿಂದ ಇಳಿದವು.

"ಯಾವ ಬೋಳಿಮಗ್ಳಲೇ ನನ್ ಕಬ್ಬಿಗ್ ಮಚ್ಚಾಕ್ದೋಳು? ಒಲ್ಯಾ ನನ್ಮಕ್ಳಾ, ಅದೇ ಗುಂಡಿಲಿ ನಿಮ್ಮನ್ನೂ ಊತ್ಬುಡ್ತೀನಿ!"

"ಅಣ್ಣಾ, ಸುಮ್ನಿರಣ್ಣಾ" ಎಂದು ಶ್ರೀಕಂಠಯ್ಯನವರು ಓಡಿ ಬಂದು ಅವನ ತೋಳು ಹಿಡಿದರು. "ನಾನೂರು ವೋಟು. ನಾನೂರು."

ಅವನನ್ನು ಕಾರಿನ ಹತ್ತಿರ ಕರೆದೊಯ್ದು ಪಿಸುಗುಟ್ಟಿದರು. ಆಮೇಲೆ ಅವನನ್ನು ಬದುವಿನ ಮೇಲೆ ನಿಲ್ಲಿಸಿ, ಬೆವರೊರೆಸಿಕೊಂಡು ನನ್ನ ಹತ್ತಿರ ಬಂದರು.

"ಜಗಳ ಬೇಡ ಚಲುವಮ್ಮ. ಅಣ್ಣೋರೇ ಮನಸ್ಸು ಮಾಡಿ ಜಾಗ ಬಿಟ್ಕೊಟ್ರು ಅಂತ ಹೇಳ್ಬಿಡೋಣ. ನಿಷ್ಠಾವಂತ ಕಾರ್ಯಕರ್ತನಿಗೆ ಆರಡಿ ಮೂರಡಿ. ಒಂದು ವಿಡಿಯೋ ಮಾಡ್ತೀವಿ, ನೀನು ಎರಡು ಮಾತಾಡು ಸಾಕು. ಗುಂಡಿ ಹಂಗೇ ಇರುತ್ತೆ. ಇಲ್ಲಾಂದ್ರೆ ಅವರು ಪೊಲೀಸ್ರನ್ನ ಕರೀತಾರೆ, ಹೆಣ ಬದು ಮೇಲೇ ಉಳಿಯುತ್ತೆ."

"ನೀತಿ ಸಂಹಿತೆ ಅಂದ್ರಿ?"

"ಅದನ್ನ ನಾನು ನೋಡ್ಕೋತೀನಿ."

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನ್ನ ಮನಸ್ಸು ಆ ಕಡೆ ವಾಲಿತು. ಎರಡು ಮಾತು ತಾನೆ? ಅಪ್ಪ ಬದುಕಿದ್ದರೆ ಖಂಡಿತ ಹೇಳಿಬಿಡುತ್ತಿದ್ದ. ನಾನು ಅವ್ವನ ಮುಖ ನೋಡಿದೆ. ಅವ್ವ ಆಗಲೇ ಬಗ್ಗಿ ಬೊಗಸೆ ತುಂಬ ಮಣ್ಣು ಎತ್ತಿಕೊಂಡಿದ್ದಳು. ನೇರ ನಾಗರಾಜುವಿನ ಎದುರಿಗೆ ಹೋಗಿ ನಿಂತಳು.

"ಕೊಟ್ಟಿದ್ದು ನೀವೇ ಆದ್ರೆ ಇಳ್ದು ಬನ್ನಿ ಅಪ್ಪೋರೆ. ಮೂರ್ ಇಡಿ ಮಣ್ಣಾಕಿ. ನಿಮ್ಮಪ್ಪುಂಗೆ ನನ್ ಗಂಡ ಆಕಿದ್ದ."

ನಾಗರಾಜು ಅವಳ ಕೈಯಲ್ಲಿದ್ದ ಮಣ್ಣು ನೋಡಿದ. ಬದುವಿನಿಂದ ಕಾಲು ಕೀಳಲಿಲ್ಲ.

"ನೀವಾರ ಬನ್ನಿ ಸಾಮಿ" ಅವ್ವ ಶ್ರೀಕಂಠಯ್ಯನವರ ಕಡೆ ತಿರುಗಿದಳು. "ಜಲ್ಮೆಲ್ಲ ನಿಮ್ಮಿಂದೆ ತಿರುಗ್ದೋನು ಅವ್ನು."

ಅವರು ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟುಕೊಂಡು, "ಹಾ, ಹೇಳಿ ಹೇಳಿ" ಎನ್ನುತ್ತ ರಸ್ತೆ ಕಡೆ ನಡೆದರು. ಫೋನು ಹೊಡೆದುಕೊಂಡಿರಲಿಲ್ಲ. ಅಲ್ಲಿದ್ದವರಿಗೆಲ್ಲ ಅದು ಗೊತ್ತಾಯಿತು.

ಗಂಡಸರು ಅಪ್ಪನನ್ನು ಗುಂಡಿಗೆ ಇಳಿಸಿದರು. ಅವ್ವ ವಾಪಸು ಬಂದು ಮಣ್ಣು ಬಿಟ್ಟಳು. ನಾನು ಬಿಟ್ಟೆ, ಕೇರಿಯವರೆಲ್ಲ ಬಿಟ್ಟರು. ಅಪ್ಪನ ಮುಖ ಮುಚ್ಚಿಹೋಗುವಾಗ ನನಗೆ ಅವತ್ತಿನ ಮೊದಲ ಅಳು ಬಂತು. ಗಟ್ಟಿಯಾಗಿ ಅತ್ತೆ.

ಶ್ರೀಕಂಠಯ್ಯನವರು ಕಾರಿನ ಕಿಟಕಿ ಇಳಿಸಿ ಕೂಗಿದರು. "ಇದಕ್ಕೂ ವೋಟಿಗೂ ಗಂಟು ಹಾಕ್ಬೇಡ ಚಲುವಮ್ಮ. ನಾಳೆ ಎದುರು ಪಾರ್ಟಿಯವರು ಬಂದ್ರೆ ನಿಮ್ಮ ಗತಿ ಏನು, ಯೋಚನೆ ಮಾಡು."

"ಅವ್ರು ಏನ್ ಮಾಡ್ತಾರೋ ಗೊತ್ತಿಲ್ಲ ಸಾರ್. ನೀವ್ ಏನ್ ಮಾಡುದ್ರಿ ಅನ್ನದು ಗೊತ್ತಾಯ್ತಲ್ಲ."

ಆ ಎದುರು ಪಾರ್ಟಿಯವರ ಜೀಪು ಅಷ್ಟೊತ್ತಿಗಾಗಲೇ ನಾಲೆಯ ಸೇತುವೆ ಮೇಲೆ ನಿಂತಿತ್ತು. ನಾಲ್ಕೈದು ಜನ ಫೋನು ಎತ್ತಿ ಹಿಡಿದು ನಮ್ಮನ್ನು ತೆಗೆಯುತ್ತಿದ್ದರು. ಒಬ್ಬ ಹೊಸ ಶಾಲು ಬೀಸಿ, "ನಿಮ್ ಜೊತೆ ನಾವಿದ್ದೀವಿ, ಇಂಗ್ ಬನ್ನಿ" ಎಂದು ಕರೆದ. ಅವರಲ್ಲೂ ಒಬ್ಬರೂ ಕೆಳಕ್ಕಿಳಿದು ಬರಲಿಲ್ಲ.

ನಾಗರಾಜು ಫೋನು ಮಾಡಿ ಕರೆಸಿದ ಪೊಲೀಸು ಜೀಪು ದೂರದ ತಿರುವಿನಲ್ಲಿ ಧೂಳೆಬ್ಬಿಸಿತು. ಗಂಡಸರು ಹಾರೆ ಗುದ್ದಲಿ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈಗೇನ್ ಮಾಡಣಕ್ಕ?" ದೊಡ್ಡಮಂಚ ಕೇಳಿದ.

ಹೊಸ ಗುಂಡಿಯ ಸುತ್ತ ಇನ್ನೂ ಹತ್ತೊಂಬತ್ತು ಗುಂಟೆ ಕಬ್ಬು ನಿಂತಿತ್ತು. ಅವ್ವ ಮಚ್ಚನ್ನು ಸೆರಗಿನಲ್ಲಿ ಒರೆಸಿಕೊಂಡು ಮುಂದಿನ ಸಾಲಿನ ಬುಡಕ್ಕೆ ಕುಕ್ಕರಗಾಲಲ್ಲಿ ಕೂತಳು.

"ಬರೀ ಕಡುದ್ರೆ ಸಾಲ್ದು, ಮತ್ತೆ ಚಿಗುರ್ತದೆ. ಇಂದ್ಗಡೆಯಿಂದ ಕೂಳೆ ಕಿತ್ಕಂಡ್ ಬನ್ರಲಾ" ಎಂದಳು.

ಹೆಂಗಸರು ಕಡಿಯುತ್ತ ಹೋದೆವು, ಗಂಡಸರು ಹಿಂದಿನಿಂದ ಉಳಿದ ಬುಡಗಳನ್ನು ಬೇರು ಸಮೇತ ಕೀಳುತ್ತ ಬಂದರು.