ಕೊಳ್ಳಿಡದಲ್ಲಿ ಮುಳುಗಿದವನ ಪುಟ

ಅನಂತನ ಮೇಲೆ ಪವಡಿಸಿ, ಸಕಲ ಜೀವಿಗಳ ಅಂತರಂಗವನ್ನು ಅರಿತೂ ಮೌನವಾಗಿರುವ ಶ್ರೀರಂಗನಾಥನ ಅಡಿಗಳಿಗೆರಗಿ ಈ ವೃತ್ತಾಂತವನ್ನು ಆರಂಭಿಸುತ್ತೇನೆ.

ದೇಶಿಕಾಚಾರಿಯ ಮಗ ಅರವಮುದನ್ ಕೊಳ್ಳಿಡಂ ಹೊಳೆಯ ಪ್ರವಾಹದಲ್ಲಿ ಮುಳುಗಿದನು, ದೇಹ ದೊರೆಯಲಿಲ್ಲ. ಅಂಥವರಿಗೆ ದರ್ಭೆಯಿಂದ ದೇಹವನ್ನು ಕಟ್ಟಿ ಸಂಸ್ಕಾರ ಮಾಡಬೇಕೆಂಬುದು ವಿಧಿ. ಇಲ್ಲವಾದರೆ ಜೀವವು ನೀರಿನಲ್ಲೇ ಅಲೆಯುತ್ತದೆ. ಆ ಮನೆಯ ಪುರೋಹಿತನಾದ ನಾನು ಎಷ್ಟು ಹೇಳಿದರೂ ತಾಯಿ ಕೋಮಳಂ ಒಪ್ಪಲಿಲ್ಲ.

“ಬದುಕಿರೋನಿಗೆ ಬೆಂಕಿ ಇಡ್ತೀರಾ ಸ್ವಾಮಿ? ನೋಡಿ, ಈಗಲೂ ಬರೀತಾನೇ ಇದಾನೆ!” ಎಂದು ತನ್ನ ಮೊಬೈಲನ್ನು ನನ್ನ ಕೈಗಿತ್ತಳು.

ಜಾಲತಾಣದಲ್ಲಿದ್ದ ಅವನ ಪುಟವನ್ನು ಹಳೆಯ ಬರಹಗಳಿಂದ ಓದತೊಡಗಿದೆ. ಅರವಮುದನ್ ತನ್ನನ್ನೇ ಗೇಲಿಮಾಡಿಕೊಳ್ಳುವವನು. ಸಭೆಯಲ್ಲಿ ಹಾಡಿದ ಚಿತ್ರದ ಕೆಳಗೆ, “ತಲೆದೂಗಿದ್ದು ಫ್ಯಾನ್ ಒಂದೇ” ಎಂದಿತ್ತು. ಪ್ರವಾಹದ ನಂತರದ ಬರಹಗಳೇ ಬೇರೆ: “ಸೂರ್ಯೋದಯಕ್ಕೆ ಮೊದಲೇ ಏಳಬೇಕು”, “ಕಷಾಯ ತಪ್ಪಿಸಬಾರದು”. ಹೆಸರು ಮಗನದು, ಭಾವಚಿತ್ರ ಮಗನದು. ಸ್ವಭಾವ ಮಾತ್ರ ತಂದೆಯದು. ಕೊನೆಯವರೆಗೆ ಓದುವ ತಾಳ್ಮೆ ನನಗುಳಿಯಲಿಲ್ಲ.

ಆಚಾರಿಯನ್ನು ಜಗಲಿಗೆ ಕರೆದು ಕೇಳಿದೆ.

“ಅವಳು ಊಟ ಬಿಟ್ಟಿದ್ಳು ಸ್ವಾಮಿ,” ಎಂದನು. “ಮಗನ ಮೊಬೈಲ್ ಮನೇಲೇ ಇತ್ತು. ಅವನ ಹಾಗೆ ನಗಿಸೋಣ ಅಂತ ಕೂತ್ರೆ, ಈ ಹಾಳು ಬೆರಳು ಬುದ್ಧಿವಾದಾನೇ ಬರೆಯುತ್ತೆ.”

ಕೋಮಳಂ ಬಾಗಿಲಲ್ಲಿ ನಿಂತಿದ್ದಳು. “ಗೊತ್ತಿತ್ತು ಕಣ್ರೀ. ಮಗನ ಬಾಯಲ್ಲಿ ಕಷಾಯದ ಮಾತಾಡಿಸೋರು ನಿಮ್ಮನ್ನ ಬಿಟ್ರೆ ಯಾರಿದಾರೆ? ಗೊತ್ತಿದ್ದೂ ಕಣ್ಮುಚ್ಕೊಂಡು ಉಣ್ತಿದ್ದೆ. ಆದ್ರೆ ನೆನ್ನೇದು ನಿಮ್ಮದಲ್ಲ. ಅದಕ್ಕೇ ಬದುಕಿದಾನೆ ಅಂದೆ.”

ಕೊನೆಯ ಬರಹವನ್ನು ಆಚಾರಿಯೂ ನಾನೂ ಓದಿದೆವು: “ಇಲ್ಲಿ ಮೀನುಗಳು ಕೂಡ ನನ್ನ ಹಾಡು ಕೇಳಿ ಓಡಿಹೋಗ್ತಿವೆ. ಅಮ್ಮಾ, ತುಂಬಾ ಚಳಿ.”

ಆಚಾರಿಯ ಮುಖ ಬಿಳಚಿತು. “ನಾನು ಬರೆದಿಲ್ಲ. ಪಾಪ ಮಾಡ್ತಿದೀನಿ ಅನ್ನಿಸಿ, ಆ ಮೊಬೈಲನ್ನ ಮೊನ್ನೇನೇ ಹೊಳೆಗೆ ಹಾಕಿಬಿಟ್ಟೆ.”

ಕೋಮಳಂ ಮೊಬೈಲನ್ನು ತೆಗೆದುಕೊಂಡು ಆ ಸಾಲನ್ನು ಬೆರಳಿನಿಂದ ಸವರುತ್ತ ನಿಂತಳು. ಅವಳ ತುಟಿ ನಗಲು ಹೋಗಿ ನಡುಗಿತು.

“ಅವನೇ. ನಗಿಸದೆ ಏನನ್ನೂ ಕೇಳೋನಲ್ಲ ನನ್ನ ಅಮುದು,” ಎಂದಳು. “ನಾನೇ ಮಗೂನ ನೀರಲ್ಲಿ ನಿಲ್ಲಿಸಿಟ್ಟಿದೀನಿ. ದರ್ಭೆ ತೆಗೀರಿ ಸ್ವಾಮಿ, ಬೇಗ.”

ನದೀತೀರದಲ್ಲಿ ಒಣದರ್ಭೆಯ ದೇಹವನ್ನು ಕಟ್ಟಿದೆ. ಅಗ್ನಿಯಿಡುವ ಮೊದಲು ಅವಳು ತನ್ನ ಸೆರಗಿನಿಂದ ಅದರ ತಲೆಯನ್ನು ಮೆಲ್ಲಗೆ ಒರೆಸಿದಳು. ಸೆರಗು ತೊಯ್ದು ತೊಟ್ಟಿಕ್ಕಿತು.

ನೀರಿನಲ್ಲಿ ಅಳಿದವರಿಗೆಲ್ಲ ಬೆಚ್ಚನೆಯ ನೆಲೆ ದೊರೆಯಲಿ. ಇದನ್ನು ಕೇಳಿದ ಸಮಸ್ತರ ಮಕ್ಕಳೂ ಕ್ಷೇಮವಾಗಿ ಮನೆ ಸೇರಲಿ.