ಬ್ಲುಮಾಳ ಕೊನೆಯ ಉಡುಪು

ಮದುಮಗಳ ಮುಸುಕಿಗೆ ಅಂಚು ಹೊಲಿಯಲೆಂದು ಮಿರ್ತಾ ಸೂಜಿಗೆ ಹೊಸ ದಾರ ಪೋಣಿಸಿದಳು. ಬೆರಳು ನಾಲಿಗೆಗೆ ತಾಗಿತು, ದಾರದ ತುದಿ ತೋರುಬೆರಳಿಗೆ ಒಂದು ಸುತ್ತು ಸುತ್ತಿಕೊಂಡಿತು, ಹೆಬ್ಬೆರಳು ಅದನ್ನು ಹೊಸೆದು ಕೆಳಕ್ಕೆ ಎಳೆಯಿತು. ಗಂಟು ಬಿತ್ತು. ಇಷ್ಟೆಲ್ಲ ಆಗುವಾಗ ಅವಳು ಅಂಗಡಿಯ ಕಿಟಕಿಯಾಚೆ ತಿರುವಿನಲ್ಲಿ ನಿಂತಿದ್ದ ಬಸ್ಸು ನೋಡುತ್ತಿದ್ದಳು. ಬಸ್ಸು ಹೊರಟ ಮೇಲೆ ಕೈ ನೋಡಿಕೊಂಡಳು. ನೋಡಿದವಳೇ ಎದ್ದು ನಿಂತಳು.

ಬೆಳಿಗ್ಗೆಯೂ ಹೀಗೇ ಆಗಿದ್ದರೆ?

ಬ್ಲುಮಾ ತೀರಿಕೊಂಡದ್ದು ಹಿಂದಿನ ದಿನ ಸಂಜೆ. ಯೆಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಕಪಾಟಿನಲ್ಲಿ ಮಹಿಳಾ ಸಂಘದವರು ಸತ್ತವರಿಗೆ ತೊಡಿಸುವ ಬಿಳಿ ಉಡುಪಿನ ನಾಲ್ಕು ಜೊತೆ ಯಾವಾಗಲೂ ಹೊಲಿದು ಇಟ್ಟಿರುತ್ತಾರೆ. ನಾಲ್ಕನ್ನೂ ಬಿಡಿಸಿ ನೋಡಿದರು, ಒಂದೂ ಆಗುವಂತಿರಲಿಲ್ಲ. ಬ್ಲುಮಾ ಬದುಕಿದ್ದಾಗಲೂ ಬಾಗಿಲಲ್ಲಿ ಒಂದು ಪಕ್ಕಕ್ಕೆ ತಿರುಗಿಯೇ ಒಳಗೆ ಬರುತ್ತಿದ್ದ ಹೆಂಗಸು. ಬೆಳಿಗ್ಗೆ ಏಳಕ್ಕೆ ಸಂಘದ ಅಧ್ಯಕ್ಷೆ ಚಾರ್ನಾ ಫೋನ್ ಮಾಡಿ ಮಿರ್ತಾಳನ್ನು ಕರೆಸಿಕೊಂಡಳು. ಮದುವೆ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಒಂಬತ್ತು ವರ್ಷ ದುಡಿದವಳು, ಕೈ ಚುರುಕು. ಉಳಿದ ಐವರಲ್ಲಿ ಎಪ್ಪತ್ತು ದಾಟದವರು ಯಾರೂ ಇರಲಿಲ್ಲ.

ಆ ಉಡುಪಿಗೆ ಜೇಬು ಇರಬಾರದು. ಯಂತ್ರ ಮುಟ್ಟಿಸಬಾರದು. ಕೈಯಲ್ಲಿ ಉದ್ದುದ್ದ ಹೊಲಿಗೆ ಹಾಕಬೇಕು, ದಾರದ ತುದಿಗೆ ಮಾತ್ರ ಗಂಟು ಬೀಳಕೂಡದು. ಗಂಟಿದ್ದರೆ ಜೀವ ಬಿಡಿಸಿಕೊಂಡು ಹೋಗಲು ಒದ್ದಾಡುತ್ತದೆ ಎಂದು ಒಬ್ಬಳು ಹೇಳಿದರೆ, ಅದೆಲ್ಲ ಯಾರಿಗೆ ಗೊತ್ತು, ನಮ್ಮಜ್ಜಿ ಹಾಕುತ್ತಿರಲಿಲ್ಲ, ನಾವೂ ಹಾಕುವುದಿಲ್ಲ ಎಂದು ಇನ್ನೊಬ್ಬಳು. ಮಿರ್ತಾ ಸರಿ ಎಂದು ತಲೆಯಾಡಿಸಿ ಕೂತಿದ್ದಳು. ಅಂಗಿ, ಚಡ್ಡಿ, ಮೇಲಿನ ನಿಲುವಂಗಿ ಮೂರನ್ನೂ ಹನ್ನೊಂದೂವರೆಯೊಳಗೆ ಮುಗಿಸಿ ಕೊಟ್ಟಿದ್ದಳು. ತಲೆಯ ಟೊಪ್ಪಿಗೆಯನ್ನು ಸಂಘದ ಹಳಬಳಾದ ಎಸ್ತರ್ ಯಾರಿಗೂ ಬಿಟ್ಟುಕೊಡಲಿಲ್ಲ, ತಾನೇ ಹೊಲಿದಳು.

ಎಸ್ತರಳ ಮಾತಿನಿಂದಲೇ ಮಿರ್ತಾ ಹೊಲಿಗೆ ಮುಗಿಸಿ ಅಂಗಡಿಗೆ ಮರಳಬೇಕಾಯಿತು. ಹೆಣಕ್ಕೆ ನೀರು ಹಾಕಿ, ತೊಳೆದು, ಉಡಿಸುವುದು ಸಂಘದ ಹೆಂಗಸರ ಕೆಲಸ. ಶನಿವಾರದ ಮೀನಿನ ತಟ್ಟೆ ಜೋಡಿಸುವುದು, ಪ್ರಾರ್ಥನೆ ಪುಸ್ತಕಗಳ ಧೂಳು ಹೊಡೆಯುವುದು, ಹಬ್ಬಕ್ಕೆ ನೂರೈವತ್ತು ಜನರಿಗೆ ಸಾರು ಬೇಯಿಸುವುದೂ ಅವರದೇ. ಗಂಡಸರು ಮುಂದಿನ ಸಾಲಿನಲ್ಲಿ ಕೂತು ಪೈಸಂಡೂ ಊರಿನ ಸಿನಗಾಗ್ ತನ್ನಷ್ಟಕ್ಕೆ ತಾನೇ ನಡೆಯುತ್ತಿದೆ ಎಂದುಕೊಂಡಿದ್ದರು. ಎಂಟು ತಿಂಗಳಿಂದ ಮಿರ್ತಾ ಈ ಎಲ್ಲ ಕೆಲಸಕ್ಕೂ ಕೈ ಹಾಕಿದ್ದಳು. ತೊಳೆಯುವ ಕೋಣೆಯೊಂದು ಮಾತ್ರ ಅವಳಿಗೆ ತೆರೆದಿರಲಿಲ್ಲ. ಅವಳ ಅಪ್ಪ ಯೆಹೂದಿ, ಅಮ್ಮ ಅಲ್ಲ. ಯೆಹೂದಿತನ ಬರುವುದು ಅಮ್ಮನ ಕಡೆಯಿಂದ. ಎರಡು ವರ್ಷ ಓದಿ, ಬ್ಯೂನಸ್ ಐರಿಸ್‌ಗೆ ಹೋಗಿ, ಮೂವರು ಧರ್ಮಗುರುಗಳ ಎದುರು ಕೂತು ತಾನೂ ಯೆಹೂದಿ ಎಂದು ಕಾಗದ ಮಾಡಿಸಿಕೊಂಡು ಬಂದವಳು ಅವಳು. ಕಾಗದ ತೋರಿಸಿದ ದಿನ ಎಸ್ತರ್ ಅದನ್ನು ಮುಟ್ಟಲೂ ಇಲ್ಲ.

"ಕಾಗದ ತಗೊಂಡು ನಾನೇನ್ ಮಾಡ್ಲಿ? ಮನೆ ಕೊಂಡ್ಕೊಳ್ತಾ ಇದೀನಾ?" ಎಂದಿದ್ದಳು.

ಈ ಬೆಳಿಗ್ಗೆಯೂ ಅದೇ ರಾಗ. ಹೊಲಿಯಲಿ, ಮುಟ್ಟುವುದು ಬೇಡ. ಆದರೆ ಚಾರ್ನಾ ಬಾಗಿಲ ತನಕ ಬಂದು, ಇದೊಂದು ಸರಿಯಾಗಿ ಆಗಲಿ, ಮುಂದಿನ ಸಲ ನಿನ್ನನ್ನು ಒಳಗೆ ಕರೆಸುವುದು ನನಗೆ ಬಿಡು ಎಂದು ಪಿಸುಗುಟ್ಟಿ ಕಳಿಸಿದ್ದಳು.

ಈಗ ಗಂಟೆ ಎರಡೂಮುಕ್ಕಾಲು. ನಾಲ್ಕಕ್ಕೆ ಮಣ್ಣು. ಮಿರ್ತಾ ಅಂಗಡಿಯೊಳಗೆ ಕನ್ನಡಿಯಿಂದ ಬಾಗಿಲಿಗೆ, ಬಾಗಿಲಿಂದ ಕನ್ನಡಿಗೆ ನಡೆದಳು. ನೆನಪು ಮಾಡಿಕೊಳ್ಳಲು ನೋಡಿದಳು. ಬೆಳಿಗ್ಗೆ ಎಷ್ಟು ಸಲ ದಾರ ಪೋಣಿಸಿದ್ದೆ? ಹದಿನೈದು? ಇಪ್ಪತ್ತು? ಮೊದಲ ಕೆಲವು ಸಲ ಎಚ್ಚರವಿತ್ತು, ಅದು ನಿಜ. ಆಮೇಲೆ ಎಸ್ತರ್ ಯಾರದೋ ಸೊಸೆಯ ಸುದ್ದಿ ತೆಗೆದಿದ್ದಳು, ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ. ಆಗ ಕೈ ಏನು ಮಾಡುತ್ತಿತ್ತು? ಅದು ಕೈಗೇ ಗೊತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಸಂಜೆಯೊಳಗೆ ಅದರ ಮೇಲೆ ಆರಡಿ ಮಣ್ಣು. ಹೇಳಿದರೆ ಎಸ್ತರಳ ಬಾಯಿಗೆ ತಾನೇ ಸಕ್ಕರೆ ಹಾಕಿದಂತೆ. ನೋಡಿದ್ರಾ, ನಮ್ಮವಳಾಗಿದ್ದರೆ ಹೀಗೆ ಮಾಡುತ್ತಿದ್ದಳಾ ಎನ್ನುತ್ತಾಳೆ. ಮುಂದಿನ ಸಲ ಎಂಬುದು ಇರುವುದೇ ಇಲ್ಲ. ಅದೂ ಗಂಟು ಹಾಕಿದ್ದೇನೋ ಇಲ್ಲವೋ ತಿಳಿಯದೆ.

ಆದರೆ ಆ ಉಡುಪಿನೊಳಗಿರುವವಳು ಬ್ಲುಮಾ. ಮಿರ್ತಾ ಮೊದಲ ಶನಿವಾರ ಸಿನಗಾಗಿನ ಹೆಂಗಸರ ಕಡೆ ಬಂದು ಎಲ್ಲಿ ಕೂರುವುದೆಂದು ತಿಳಿಯದೆ ನಿಂತಾಗ, ಬೆಂಚು ತುಂಬ ಹರಡಿ ಕೂತಿದ್ದ ಬ್ಲುಮಾ, "ಬಾ, ನನ್ ಪಕ್ಕ ಕೂತ್ಕೊ. ಜಾಗ ಇಲ್ಲ, ಆದ್ರೂ ಕೂತ್ಕೊ" ಎಂದಿದ್ದಳು.

ಹಲ್ಲುನೋವು ಎಂದು ಅಂಗಡಿಯೊಡತಿಗೆ ಸುಳ್ಳು ಹೇಳಿ ಮಿರ್ತಾ ಸೈಕಲ್ ಹತ್ತಿದಳು. ದಾರಿಯಲ್ಲಿ ಎರಡು ಸಲ ಇಳಿದಳು. ಒಮ್ಮೆ ಹಿಂದಕ್ಕೂ ತಿರುಗಿಸಿದಳು. ನದಿಯ ಕಡೆಯಿಂದ ಬಿಸಿಗಾಳಿ ಮುಖಕ್ಕೇ ಹೊಡೆಯುತ್ತಿತ್ತು. ಇಂಥ ಗಾಳಿಯಲ್ಲಿ ಯಾರು ತಾನೇ ಹೋಗುತ್ತಾರೆ ಎಂದು ಅವಳು ನಿಜಕ್ಕೂ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ತುಳಿದಳು.

ಸ್ಮಶಾನದ ಗೇಟಿನ ಬಳಿ ನೀಲಗಿರಿ ಮರದ ಕೆಳಗೆ ಗಂಡಸರು ಕರಿ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು ನಿಂತಿದ್ದರು. ಅವರನ್ನು ದಾಟಿ ಹಿಂದಿದ್ದ ತೊಳೆಯುವ ಕೋಣೆಯ ಬಾಗಿಲು ತಟ್ಟಿದಳು. ಚಾರ್ನಾ ಒಂದು ಗೇಣು ತೆರೆದಳು. ಮಿರ್ತಾ ಒಂದೇ ಉಸಿರಿಗೆ ಎಲ್ಲ ಒದರಿದಳು. ಚಾರ್ನಾಳ ಮುಖ ಬಾಡಿದ್ದು ಆ ಒಂದು ಗೇಣಿನಲ್ಲೇ ಕಂಡಿತು.

ಒಳಗಿಂದ ಎಸ್ತರ್ ಬಂದಳು. ಅವಳ ಏಪ್ರನ್ ಇನ್ನೂ ಒದ್ದೆಯಿತ್ತು.

"ಹಾಕಿದೀಯೋ ಇಲ್ವೋ? ಒಂದ್ ಮಾತಲ್ಲಿ ಹೇಳು."

"ಗೊತ್ತಿಲ್ಲ, ಎಸ್ತರಮ್ಮ."

"ಗೊತ್ತಿಲ್ಲ ಅಂತ ಹೇಳೋಕೆ ಅಷ್ಟು ದೂರದಿಂದ ಸೈಕಲ್ ತುಳ್ಕೊಂಡ್ ಬಂದ್ಯಾ?"

ಪೆಟ್ಟಿಗೆ ಮುಚ್ಚಿಯಾಗಿದೆ, ಮುಚ್ಚಿದ್ದನ್ನು ತೆಗೆಯುವುದು ಸತ್ತವಳಿಗೆ ಅವಮಾನ ಎಂದು ಎಸ್ತರ್ ಹಟ ಹಿಡಿದಳು. ಮೊಳೆ ಹೊಡೆದಿಲ್ಲ, ಗಂಡಸರು ಇನ್ನೂ ಮುಟ್ಟಿಲ್ಲ, ಇದು ಈಗಲೂ ನಮ್ಮ ಕೋಣೆ ಎಂದು ಚಾರ್ನಾ. ಕೊನೆಗೆ ಇಬ್ಬರೂ ಸೇರಿಯೇ ಮುಚ್ಚಳ ಸರಿಸಿದರು. ಇನ್ನುಳಿದ ಮೂವರು ಗೋಡೆಗೆ ಒರಗಿ ನಿಂತರು. ಮಿರ್ತಾ ಹೊಸ್ತಿಲಾಚೆಯೇ ಇದ್ದಳು.

ಅರ್ಧ ಗಂಟೆ ಹುಡುಕಿದರು. ಬಿಳಿ ಬಟ್ಟೆ, ಬಿಳಿ ದಾರ, ಮೇಲೆ ಒಂದು ಸಣ್ಣ ಕಿಟಕಿ. ಚಾರ್ನಾ ಕನ್ನಡಕ ತೆಗೆದಳು, ಹಾಕಿದಳು, ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿದಳು. ಎಸ್ತರ್ ಬೆರಳಾಡಿಸಿ ನೋಡಿದಳು. ಸಕ್ಕರೆ ಕಾಯಿಲೆ ಬಂದ ಮೇಲೆ ಅವಳ ಬೆರಳ ತುದಿ ಜೋಮು ಹಿಡಿದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

"ಎಸ್ತರ್, ನಮ್ ಐದೂ ಜನದ ಕಣ್ ಸೇರ್ಸಿದ್ರೂ ಒಂದ್ ಕಣ್ಣಾಗಲ್ಲ" ಎಂದಳು ಚಾರ್ನಾ. ಆಮೇಲೆ ಬಾಗಿಲ ಕಡೆ ತಿರುಗಿ, "ಕೈ ತೊಳ್ಕೊಂಡು ಬಾ ಮಗಳೇ."

"ಚಾರ್ನಾ."

"ಇನ್ನೇನು ಹೊರೋಕೆ ಬರ್ತಾರೆ. ನೀನ್ ಹುಡುಕ್ತೀಯಾ?"

ಎಸ್ತರ್ ಪಕ್ಕಕ್ಕೆ ಸರಿದಳು. ತೀರಾ ಪಕ್ಕಕ್ಕೆ, ಮಿರ್ತಾಳ ತೋಳೂ ತಾಗದಷ್ಟು.

ಮಿರ್ತಾ ಕೈ ತೊಳೆದು ಒಳಗೆ ಕಾಲಿಟ್ಟಳು. ಎಂಟು ತಿಂಗಳು ಕಲ್ಪಿಸಿಕೊಂಡ ಕೋಣೆಯಲ್ಲಿ ಒಂದು ನಲ್ಲಿ, ಒಂದು ಮೇಜು, ಮೂರು ಬಕೆಟ್ಟು ಇದ್ದವು, ಅಷ್ಟೇ. ಬ್ಲುಮಾಳ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಮಿರ್ತಾ ನಿಲುವಂಗಿಯ ಕೆಳಗಂಚಿನಿಂದ ಶುರುಮಾಡಿದಳು. ಕಣ್ಣು ಮುಚ್ಚಿಕೊಂಡರೆ ಬೆರಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ಬಟ್ಟೆಯ ಕೆಳಗಿನ ತಣ್ಣಗಿನದನ್ನು ಯೋಚಿಸದೆ ಹೊಲಿಗೆಯೊಂದನ್ನೇ ಹಿಡಿದು ಹೋದಳು. ಅಂಚು, ಪಕ್ಕ, ಕುತ್ತಿಗೆ, ಬಲತೋಳು. ಏನೂ ಇಲ್ಲ. ಇಲ್ಲವೇ ಇಲ್ಲ ಎಂದುಕೊಳ್ಳುವ ಹೊತ್ತಿಗೆ ಎಡತೋಳಿನ ಕಂಕುಳಲ್ಲಿ ಸಾಸಿವೆ ಕಾಳಿನಷ್ಟು ಗಂಟೊಂದು ಸಿಕ್ಕಿತು. ಯಾರದೋ ಸೊಸೆಯ ಸುದ್ದಿಯ ಹೊತ್ತಿನದು. ಸೂಜಿಮೊನೆಯಿಂದ ಅದನ್ನು ಬಿಡಿಸಿದಳು. ಅಂಗಿ, ಚಡ್ಡಿಗಳಲ್ಲಿ ಇನ್ನೊಂದಿರಲಿಲ್ಲ.

ಟೊಪ್ಪಿಗೆಯನ್ನೂ ನೋಡಿಬಿಡು ಎಂದಳು ಚಾರ್ನಾ. ಅದನ್ನು ನೋಡುವುದಿಲ್ಲ ಎನ್ನಲು ಕಾರಣವೂ ಇರಲಿಲ್ಲ.

ಬಲಗಿವಿಯ ಹಿಂದೆ ಮಿರ್ತಾಳ ಬೆರಳು ನಿಂತಿತು. ಮತ್ತೊಮ್ಮೆ ಸವರಿದಳು. ಮತ್ತೂ ಒಮ್ಮೆ. ಎಸ್ತರ್ ಅವಳ ಕೈ ನಿಂತದ್ದನ್ನು ನೋಡಿದಳು.

"ಒಟ್ಟು ಎಷ್ಟು?"

"ಎರಡು."

"ಎರಡಂತೆ, ಕೇಳಿಸ್ಕೊ ಚಾರ್ನಾ."

"ಒಂದು ನಂದು" ಎಂದಳು ಮಿರ್ತಾ.

ಟೊಪ್ಪಿಗೆ ಹೊಲಿದವರು ಯಾರೆಂದು ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೋಡೆಯ ಬಳಿಯಿದ್ದ ಮೂವರೂ ಬಕೆಟ್ಟುಗಳನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಎರಡೂ ನನ್ನದೇ ಎಂದುಬಿಡಬಹುದಿತ್ತು, ಆಗ ಎಲ್ಲರಿಗೂ ಸುಲಭವಾಗುತ್ತಿತ್ತು. ಅದು ಹೊಳೆದಾಗ ತಡವಾಗಿತ್ತು, ಹೊಳೆದ ಮೇಲೂ ಅವಳಿಗೆ ಅದು ಬೇಕೆನಿಸಲಿಲ್ಲ.

ಎಸ್ತರ್ ಹತ್ತಿರ ಬಂದು ಟೊಪ್ಪಿಗೆಯ ಮೇಲೆ ಬೆರಳಿಟ್ಟಳು. ಅತ್ತ ಸವರಿದಳು, ಇತ್ತ ಸವರಿದಳು.

"ಎಲ್ಲಿ?"

ಮಿರ್ತಾ ಅವಳ ಬೆರಳು ಹಿಡಿದು ಗಂಟಿನ ಮೇಲೆಯೇ ಇಟ್ಟಳು. ಎಸ್ತರ್ ಒತ್ತಿ ನೋಡಿದಳು. ಬಹಳ ಹೊತ್ತು ಒತ್ತಿಯೇ ನಿಂತಳು. ಐವತ್ತು ವರ್ಷದಿಂದ ಊರಿನ ಸತ್ತ ಹೆಂಗಸರಿಗೆಲ್ಲ ಟೊಪ್ಪಿಗೆ ಹೊಲಿದ ಬೆರಳದು.

"ನಂಗೇನೂ ಸಿಗ್ತಾ ಇಲ್ಲ" ಎಂದಳು. ಆಮೇಲೆ ಬೆರಳು ತೆಗೆದು, "ಬಿಚ್ಚು."

ಮಿರ್ತಾ ಬಿಚ್ಚಿದಳು. ಹೊರಗೆ ಗಂಡಸರು ಬಾಗಿಲು ತಟ್ಟಿದರು. ಮುಚ್ಚಳ ಮತ್ತೆ ಕೂತಿತು. ಕೋಣೆ ಬಿಡುವ ಮುಂಚೆ ಹೆಂಗಸರು ಸತ್ತವಳ ಹೆಸರು ಹಿಡಿದು, ನಿನ್ನ ಕೆಲಸದಲ್ಲಿ ನಮ್ಮಿಂದ ತಪ್ಪಾಗಿದ್ದರೆ ಮನ್ನಿಸು ಎಂದು ಕೇಳಿಕೊಳ್ಳಬೇಕು. ಐವರೂ ಪೆಟ್ಟಿಗೆಯ ಸುತ್ತ ಬಂದು ನಿಂತರು. ತನ್ನ ಕೆಲಸ ಮುಗಿಯಿತೆಂದು ಮಿರ್ತಾ ಬಾಗಿಲ ಕಡೆ ಸರಿದಳು.

ಎಸ್ತರ್ ತಿರುಗಿ ನೋಡಲಿಲ್ಲ.

"ಎಲ್ಲಿಗ್ ಹೊರಟೆ? ಗಂಟು ಹಾಕ್ದೋರು ಕೇಳ್ದೆ ಇನ್ಯಾರ್ ಕೇಳ್ಬೇಕು? ಬಾ ಇಲ್ಲಿ. ನಾನ್ ಹೇಳ್ದಂಗೆ ಹೇಳು. ಬ್ಲುಮಾ, ಯಾಂಕೆಲ್‌ನ ಮಗಳೇ."

ಮಿರ್ತಾ ಬಂದು ಅವಳ ಪಕ್ಕ ನಿಂತಳು. ನಾಲಿಗೆ ತಡೆಯಲಿಲ್ಲ, ಎಸ್ತರ್ ಮುಂದಿನ ಮಾತು ಹೇಳುವ ಮೊದಲೇ ಹೆಸರು, ತಪ್ಪು, ಮನ್ನಿಸು ಎಲ್ಲವನ್ನೂ ಗಡಬಡಿಸಿ ಸುರಿದಳು.

"ನಿಧಾನ" ಎಂದಳು ಎಸ್ತರ್. "ಅವಳಿಗೇನ್ ಬಸ್ ಹಿಡಿಯೋದಿದ್ಯಾ?"

ಗಂಡಸರು ಎರಡನೆಯ ಸಲ ಬಾಗಿಲು ತಟ್ಟಿದರು. ಯಾರೂ ತೆರೆಯಲು ಹೋಗಲಿಲ್ಲ. ಮಿರ್ತಾ ಮೊದಲಿನಿಂದ ಶುರುಮಾಡಿದಳು.