ಒಂಟೆಯ ದಾರಿ, ಗಾಡಿಯ ದಾರಿ

ಮನೆಯ ಮುಂದೆ ಗಾಡಿ ನಿಂತಿದೆ. ಟ್ಯಾಂಕಿನ ತುಂಬ ಪೆಟ್ರೋಲಿದೆ. ಆಸ್ಪತ್ರೆಗೆ ಹೋಗಬೇಕಾದವರು ಸಿದ್ಧರಾಗಿ ಚಾಪೆಯ ಮೇಲೆ ಕೂತಿದ್ದಾರೆ. ಓಡಿಸುವವರು ಮಾತ್ರ ಇಲ್ಲ. ಒಮಾನಿನ ಶರ್ಕಿಯಾ ಮರಳುಗಾಡಿನಲ್ಲಿರುವ ನಮಗೆ ಇದು ಹೊಸ ತೊಂದರೆಯೇನಲ್ಲ. ಗಂಡಸರು ಸೈನ್ಯದಲ್ಲೋ ಪೊಲೀಸಿನಲ್ಲೋ ಇರುತ್ತಾರೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ಕಾಯಿಲೆ ಅವರ ರಜೆ ನೋಡಿಕೊಂಡು ಬರುವುದಿಲ್ಲ.

ಮತರನ ಮನೆಯಲ್ಲೂ ಹೀಗೇ ಆಗಿತ್ತು. ಟಾರು ರಸ್ತೆಯಿಂದ ಹನ್ನೊಂದು ಕಿಲೋಮೀಟರು ಒಳಗೆ ಅವನ ಮನೆ. ಹೆಂಡತಿ ಜುವೈನಾಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಪಟ್ಟಣದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಮಗ ಸುಹೈಲ್ ಸೈನ್ಯದಲ್ಲಿ, ಅವನ ಗಾಡಿ ಮನೆಯ ಮುಂದೆ. ನೆರೆಯವರ ಪಿಕಪ್ ಸಿಕ್ಕಿದರೆ ಹೋಗುವುದು, ಸಿಗದಿದ್ದರೆ ಇಲ್ಲ. ಒಂದು ವಾರ ಎರಡು ಸಲ ತಪ್ಪಿತು.

ಆ ಡಯಾಲಿಸಿಸ್ ವಾರ್ಡಿನಲ್ಲಿ ಕೆಲಸ ಮಾಡುವವಳು ನಾನು. ಮೂರನೆಯ ಸರದಿಗೆ ಜುವೈನಾ ಬಂದಾಗ ಪಾದಗಳು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಎರಡು ಮಾತಾಡಿದರೆ ಉಬ್ಬಸ. ಡಾಕ್ಟರು ಸೊಸೆ ರಯ್ಯಾಳನ್ನು ಪಕ್ಕಕ್ಕೆ ಕರೆದು, "ಇನ್ನೊಂದು ವಾರ ಹೀಗೆ ತಪ್ಪಿದ್ರೆ, ಆಮೇಲೆ ಕರ್ಕೊಂಡು ಬರೋ ಕೆಲಸಾನೇ ಇರಲ್ಲಮ್ಮ" ಎಂದರು. ಮಾತು ಕಟುವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ.

ವಿಷಯ ತಿಳಿದು ಎರಡು ದಿನದಲ್ಲಿ ಥುರಯ್ಯಾ ಮತರನ ಮನೆಗೆ ಹೋದಳು. ಮಹಿಳಾ ಸಂಘದ ಪರವಾಗಿ ಹೆಂಗಸರಿಗೆ ಮರಳಿನಲ್ಲಿ ಗಾಡಿ ಓಡಿಸುವುದನ್ನು ಕಲಿಸುವವಳು ಅವಳು. ಖರ್ಜೂರ ಬಂತು, ಕಾಫಿ ಬಂತು. ಮೂರು ಬಟ್ಟಲು ಮುಗಿಯುವವರೆಗೆ ಯಾರೂ ವಿಷಯಕ್ಕೆ ಬರಲಿಲ್ಲ. ಆಮೇಲೆ ಥುರಯ್ಯಾ ಬಟ್ಟಲನ್ನು ಅಲ್ಲಾಡಿಸಿ ಸಾಕೆಂದು ತೋರಿಸಿ, ಮತರನ ಕಡೆ ತಿರುಗಿದಳು.

"ಸುಹೈಲನಪ್ಪ, ನಿಮ್ಮ ಸೊಸೆಗೆ ಗಾಡಿ ಕಲಿಸ್ತೀನಿ."

"ಅವಳಿಗೆ ಬರತ್ತಲ್ಲ. ಲೈಸೆನ್ಸ್ ಇಟ್ಕೊಂಡೇ ಮದುವೆಯಾಗಿ ಬಂದವಳು. ಟಾರಿನ ಮೇಲೆ ಓಡಿಸ್ಲಿ, ಯಾರು ಬೇಡ ಅಂತಾರೆ?"

"ಟಾರು ಹನ್ನೊಂದು ಕಿಲೋಮೀಟರ್ ಆಚೆ ಇದೆ."

"ಅದಕ್ಕೇ ಧಾರಾಳವಾಗಿ ಹೇಳ್ದೆ."

ಮತರ್ ಒಂಟೆಯವನು. ನಲವತ್ತು ವರ್ಷ ಒಂಟೆಗಳ ಜೊತೆ ಆ ದಿಬ್ಬಗಳನ್ನು ತುಳಿದವನು. ಮರಳು ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಬಣ್ಣ ನೋಡಿಯೇ ಹೇಳುತ್ತಾನೆ. ಗಾಡಿಯ ಸ್ಟೀರಿಂಗನ್ನು ಮಾತ್ರ ಒಮ್ಮೆಯೂ ಹಿಡಿದವನಲ್ಲ. ಇಂಥವರೇ ಪಕ್ಕದಲ್ಲಿ ಕೂತು ಹೆಚ್ಚು ಹೇಳಿಕೊಡುತ್ತಾರೆ.

"ಮರಳು ಹುಟ್ಟಿನಿಂದ ಬರ್ಬೇಕು. ಕಲಿಸಿದ್ರೆ ಬರಲ್ಲ" ಎಂದ.

ಒಳಗಿನಿಂದ ಜುವೈನಾ ಕೇಳಿದಳು: "ನನಗೆ ಅಷ್ಟು ಟೈಮಿಲ್ಲ. ಹುಟ್ಟಿನಿಂದ ಬಂದೋರು ಯಾರಾದ್ರೂ ಗುರುವಾರ ಖಾಲಿ ಇದಾರಾ?"

ಕಲಿಯಲಿ, ಆದರೆ ಗಾಡಿ ಹೊರಟಾಗಲೆಲ್ಲ ತಾನು ಮುಂದಿನ ಸೀಟಿನಲ್ಲಿ ಕೂತು ದಾರಿ ತೋರಿಸುತ್ತೇನೆ ಎಂದು ಮತರ್ ಷರತ್ತು ಹಾಕಿ ಒಪ್ಪಿದ. ರಯ್ಯಾ ಕಲಿಯುವವರೆಗೆ ಜುವೈನಾಳನ್ನು ಥುರಯ್ಯಾ ತನ್ನ ಗಾಡಿಯಲ್ಲೇ ಕರೆದೊಯ್ಯುವುದೆಂದಾಯಿತು. ಅವಳಿಗೆ ಕಲಿಸಬೇಕಾದ ಬೇರೆ ಮನೆಗಳೂ ಇದ್ದವು, ಇದನ್ನು ಎರಡು ವಾರಕ್ಕಿಂತ ಹೆಚ್ಚು ನಡೆಸುವಂತಿರಲಿಲ್ಲ.

ಮೊದಲ ದಿನ ಥುರಯ್ಯಾ ಗಾಡಿ ಹೊರಡಿಸುವ ಮೊದಲೇ ನಾಲ್ಕೂ ಟಯರಿನ ಗಾಳಿ ಬಿಡತೊಡಗಿದಳು. ಮಾಪಕದಲ್ಲಿ ಮೂವತ್ತೈದು ಇದ್ದ ಒತ್ತಡ ಹದಿನೈದಕ್ಕೆ ಇಳಿಯಿತು.

"ಗಾಳಿ ತಾನಾಗೇ ಹೋದ್ರೆ ಅಳ್ತೀರಿ. ಹೋಗ್ದಿದ್ರೆ ನೀವೇ ಬಿಡ್ತೀರಿ" ಎಂದ ಮತರ್.

"ಒಂಟೆ ಮರಳಲ್ಲಿ ಯಾಕೆ ಹೂತ್ಕೊಳ್ಳಲ್ಲ ಸುಹೈಲನಪ್ಪ?"

"ಪಾದ ಅಗಲ. ಊರಿದ್ರೆ ಇನ್ನೂ ಅಗಲ ಆಗತ್ತೆ."

"ಇದೂ ಹಾಗೇ. ಗಾಳಿ ಕಮ್ಮಿ ಮಾಡಿದ್ರೆ ಟಯರು ಅಗಲವಾಗಿ ಕೂರತ್ತೆ, ಮರಳಿನ ಮೇಲೆ ತೇಲತ್ತೆ. ಗಟ್ಟಿ ಟಯರು ಕೊರೆದುಕೊಂಡು ಒಳಗಿಳಿಯತ್ತೆ."

ಮತರ್ ಬಗ್ಗಿ ಟಯರನ್ನು ಬೆರಳಿನಿಂದ ಒತ್ತಿ ನೋಡಿದ. ಅವನಿಗೆ ಒಪ್ಪಿಗೆಯಾಯಿತು, ಸ್ವಲ್ಪ ಹೆಚ್ಚೇ ಒಪ್ಪಿಗೆಯಾಯಿತು. ಗಾಡಿಯೂ ಒಂದು ಬಗೆಯ ಒಂಟೆ ಎಂದು ಅವತ್ತೇ ತೀರ್ಮಾನ ಮಾಡಿಕೊಂಡ. ಉಳಿದ ಪಾಠವನ್ನು ಕೇಳಿಸಿಕೊಳ್ಳುವ ಅಗತ್ಯ ಅವನಿಗೆ ಕಾಣಲಿಲ್ಲ.

ರಯ್ಯಾ ಕೇಳಿಸಿಕೊಂಡಳು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗೇರನ್ನು ಮರಳಿಗೆ ಇಳಿಯುವ ಮೊದಲೇ ಹಾಕಬೇಕು, ಸಿಕ್ಕಿಹಾಕಿಕೊಂಡ ಮೇಲಲ್ಲ. ಚಕ್ರ ಸುಮ್ಮನೆ ತಿರುಗಲು ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಇಳಿದು ಚಕ್ರದ ಸುತ್ತ ಮರಳು ತೋಡಿ, ಬಂದ ಗುರುತಿನ ಮೇಲೆಯೇ ಹಿಂದಕ್ಕೆ ಬರಬೇಕು. ಗಾಡಿಯನ್ನು ಬ್ರೇಕು ಒತ್ತಿ ನಿಲ್ಲಿಸಬಾರದು, ಇಳಿಜಾರಿಗೆ ಮೂತಿ ಮಾಡಿ ತಾನಾಗಿ ನಿಲ್ಲಲು ಬಿಡಬೇಕು. ನಾಲ್ಕನೆಯ ದಿನ ಅವಳು ಮೂರು ಸಲ ಹೂತುಕೊಂಡಳು. ಮೂರು ಸಲವೂ ತಾನೇ ಸಲಿಕೆ ಹಿಡಿದು ಬಿಡಿಸಿಕೊಂಡಳು. ಥುರಯ್ಯಾ ಗಾಡಿಯ ನೆರಳಿನಲ್ಲಿ ಕೂತು ಕಾಫಿ ಕುಡಿದಳು. ಕಲಿಸುವುದೆಂದರೆ ಅದೇ.

ಎರಡನೆಯ ವಾರದ ಮಂಗಳವಾರ ಬೆಳಿಗ್ಗೆ ರಯ್ಯಾ ಮೊದಲ ಸಲ ಅತ್ತೆಯನ್ನು ಕೂರಿಸಿಕೊಂಡು ಹೊರಟಳು. ಜುವೈನಾ ಹಿಂದೆ, ಮತರ್ ಮುಂದೆ. ಮರಳಿಗೆ ಒಂದೇ ಗಾಡಿ ಇಳಿಯಬಾರದೆಂದು ಥುರಯ್ಯಾ ತನ್ನ ಗಾಡಿಯಲ್ಲಿ ಹಿಂಬಾಲಿಸಿದಳು. ಮೂರು ದಿನ ಗಾಳಿ ಬೀಸಿತ್ತು. ಆರನೆಯ ಕಿಲೋಮೀಟರಿನಲ್ಲಿ ಹಳೆಯ ಜಾಡಿನ ಮೇಲೆ ಹೊಸ ದಿಬ್ಬವೊಂದು ಬಂದು ಕೂತಿತ್ತು.

ಈ ಭಾಗವನ್ನು ನಾನು ಮೂವರಿಂದ ಕೇಳಿದ್ದೇನೆ. ಮತರ್ ಹೇಳುವಾಗ ದಿಬ್ಬ ಸ್ವಲ್ಪ ಎತ್ತರವಿರುತ್ತದೆ. ಉಳಿದದ್ದರಲ್ಲಿ ವ್ಯತ್ಯಾಸವಿಲ್ಲ.

"ನೇರ ಹತ್ತಿಸ್ಬೇಡ. ಸುಸ್ತಾಗತ್ತೆ ಅದಕ್ಕೆ. ಓರೆಯಾಗಿ ತಗೋ, ಮಗ್ಗುಲಲ್ಲೇ" ಎಂದ ಮತರ್.

"ಮಾವ, ಓರೆ ಹೋಗ್ಬಾರ್ದು ಅಂತ ಥುರಯ್ಯಾ ಅಕ್ಕ..."

"ನಲವತ್ತು ವರ್ಷ ಓರೆಯಾಗೇ ಹತ್ತಿಸಿದೀನಿ. ಒಂದು ಪ್ರಾಣಿ ಬಿದ್ದಿಲ್ಲ. ತಿರುಗಿಸು."

ಮದುವೆಯಾಗಿ ಬಂದು ಆರು ವರ್ಷದಲ್ಲಿ ರಯ್ಯಾ ಮಾವನಿಗೆ ಎದುರು ಮಾತಾಡಿದವಳಲ್ಲ. ತಿರುಗಿಸಿದಳು.

ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಕೆಳಗಿನ ಮಗ್ಗುಲಿನ ಚಕ್ರಗಳು ಕುಸಿಯತೊಡಗಿದವು. ಗಾಡಿ ವಾಲಿತು. ಹಿಂದಿನಿಂದ ಥುರಯ್ಯಾ ಬಿಡದೆ ಹಾರ್ನ್ ಹೊಡೆದಳು. ಜುವೈನಾ ಬೆಲ್ಟಿಗೆ ನೇತುಬಿದ್ದು ಕೆಳಗಿನ ಬಾಗಿಲಿಗೆ ಒರಗಿದಳು. ಇನ್ನೊಂದು ಗೇಣು ವಾಲಿದರೆ ಗಾಡಿ ಉರುಳುತ್ತಿತ್ತು.

"ಮೇಲಕ್ಕೆ ತಿರುಗಿಸು, ಮೇಲಕ್ಕೆ" ಎಂದ ಮತರ್.

ಒಂಟೆಯಾದರೆ ಅದೇ ಸರಿ. ರಯ್ಯಾಗೆ ಪಾಠ ನೆನಪಿತ್ತು. ಗಾಡಿ ಓರೆಯಲ್ಲಿ ವಾಲಿದರೆ ಮೂತಿಯನ್ನು ಇಳಿಜಾರಿಗೆ ತಿರುಗಿಸಿ ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು. ಮನಸ್ಸು ಬೇಡವೆನ್ನುತ್ತದೆ, ಆದರೂ ತಿರುಗಿಸಬೇಕು. ಅವಳು ಕೆಳಕ್ಕೆ ತಿರುಗಿಸಿದಳು. ಗಾಡಿ ಒಮ್ಮೆ ಜಾರಿ, ನೆಟ್ಟಗಾಗಿ, ನೇರ ಇಳಿದು ತಗ್ಗಿನಲ್ಲಿ ತಾನಾಗಿ ನಿಂತಿತು.

ರಯ್ಯಾ ತುಂಬ ಹೆದರಿದ್ದಳು, ಹೆಚ್ಚಾಗಿ ಮಾವನಿಗೇ.

ಮೊದಲು ಮಾತಾಡಿದವಳು ಜುವೈನಾ, ಉಸಿರು ಎಳೆದುಕೊಳ್ಳುತ್ತ. "ನಾನು ಇಷ್ಟು ವರ್ಷ ಇವರು ಹೇಳಿದ ಕಡೆಗೇ ತಿರುಗಿದೀನಿ. ಇವತ್ತು ಅವಳೂ ಹಾಗೇ ಮಾಡಿದ್ರೆ ಮೂರು ಗೋರಿ ತೋಡ್ಬೇಕಿತ್ತು."

ಥುರಯ್ಯಾ ಓಡಿಬಂದಳು. "ತಪ್ಪು ನಂದೇ ಸುಹೈಲನಪ್ಪ. ಅವತ್ತು ಒಂಟೆ ಅಂದುಬಿಟ್ಟೆ. ಪಾದದ ಮಟ್ಟಿಗೆ ಮಾತ್ರ ಅದು ಒಂಟೆ. ಒಂಟೆ ಕಾಲನ್ನ ಮಡಿಚಿ, ಸರಿಸಿ, ಮೈ ಸಮ ಮಾಡ್ಕೊಳತ್ತೆ. ಇದಕ್ಕೆ ಮಡಿಚೋಕೆ ಬರಲ್ಲ. ಏರಿದ್ರೆ ನೇರ, ಇಳಿದ್ರೂ ನೇರ."

ಮತರ್ ಇಳಿದು ದಿಬ್ಬದ ಮೇಲಿನ ಗುರುತು ನೋಡಿದ. ಮೇಲಿನ ಚಕ್ರಗಳ ಗುರುತು ಇದ್ದೂ ಇಲ್ಲದಂತಿತ್ತು, ಕೆಳಗಿನದು ಮೊಣಕಾಲಾಳ. ಮರಳಿನ ಮೇಲಿನ ಹೆಜ್ಜೆ ಓದಿ ಬದುಕಿದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನನಗೆ ಏನು ಕೆಲಸ ಹಾಗಾದ್ರೆ?" ಎಂದು ಕೇಳಿದ. ಸಿಟ್ಟಿನಿಂದಲ್ಲ.

"ಮೇಲೆ ನಡೆದು ಹೋಗಿ ನೋಡಿ ಬನ್ನಿ ಮಾವ" ಎಂದಳು ರಯ್ಯಾ. "ಆಚೆ ಏನಿದೆ, ಮರಳು ಎಲ್ಲಿ ಗಟ್ಟಿ, ಅಷ್ಟು ಹೇಳಿ. ಹತ್ತಿಸೋದು ನನಗೆ ಬಿಡಿ."

ಅವನು ಹತ್ತಿ ಹೋದ. ಎಡಕ್ಕೆ ನೂರು ಹೆಜ್ಜೆ ದೂರದಲ್ಲಿ, ಗಾಳಿ ಬಡಿಯುವ ಮಗ್ಗುಲಿನಲ್ಲಿ ಗಟ್ಟಿ ಮರಳಿದೆ, ಆಚೆಯ ಇಳಿತ ಮೆತ್ತಗಿದೆ ಆದರೆ ನೇರವಾಗಿದೆ ಎಂದು ನೋಡಿ ಬಂದ. ಬಂದವನು ಹಿಂದಿನ ಬಾಗಿಲು ತೆರೆದು ಹೆಂಡತಿಗೆ ಹೇಳಿದ: "ನೀನು ಮುಂದೆ ಕೂತ್ಕೋ. ನಾನಲ್ಲಿ ಕೂತ್ರೆ ಬಾಯಿ ಸುಮ್ನಿರಲ್ಲ."

ರಯ್ಯಾ ಅವನು ತೋರಿಸಿದ ಕಡೆ ನೇರ ಏರಿಸಿದಳು, ನೆತ್ತಿಯಲ್ಲಿ ವೇಗ ಇಳಿಸಿದಳು, ಬ್ರೇಕು ಮುಟ್ಟದೆ ನೇರ ಇಳಿಸಿದಳು. ಟಾರು ಸಿಕ್ಕಿದಲ್ಲಿ ಪಂಪಿನಿಂದ ಟಯರಿಗೆ ಮತ್ತೆ ಗಾಳಿ ತುಂಬಿಸಿಕೊಂಡು ಆಸ್ಪತ್ರೆಗೆ ಬಂದಳು. ನಲವತ್ತು ನಿಮಿಷ ತಡವಾಗಿತ್ತು. ನಾನು ಜುವೈನಾಳ ಮಂಚವನ್ನು ಬೇರೆಯವರಿಗೆ ಕೊಟ್ಟಿರಲಿಲ್ಲ. ಬಾಗಿಲಲ್ಲಿ ಅವಳನ್ನು ಕಂಡಾಗ ನನಗೆ ಸಂತೋಷವಾಯಿತು, ಆದರೂ ತಡವಾದದ್ದಕ್ಕೆ ಬೈದೆ. ಅಲ್ಲಿಂದ ಈಚೆಗೆ ಅವಳಿಗೆ ಒಂದು ದಿನವೂ ತಪ್ಪಿಲ್ಲ.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಗಾಡಿ ಇದ್ದರೆ ಕಲಿತುಕೊಳ್ಳಿ. ಕಾಯಿಲೆ ಬಂದ ಮೇಲಲ್ಲ, ಈಗಲೇ. ಗಾಳಿ ಇಳಿಸಿ, ಬೆಲ್ಟು ಹಾಕಿ, ಸಲಿಕೆ ಮತ್ತು ನೀರು ಇಟ್ಟುಕೊಳ್ಳಿ, ಜೊತೆಗೆ ಇನ್ನೊಂದು ಗಾಡಿ ಇರಲಿ. ಹಿರಿಯರನ್ನೂ ಕರೆದುಕೊಂಡು ಹೋಗಿ, ಮರಳಿನ ವಿಷಯದಲ್ಲಿ ಅವರನ್ನು ಕೇಳಿ. ಸ್ಟೀರಿಂಗ್ ಹಿಡಿದವರು ಮಾತ್ರ ನೀವು. ಗಾಡಿ ವಾಲಿದಾಗ ಅವರು ಮೇಲಕ್ಕೆ ಎಂದರೂ ನೀವು ಕೆಳಕ್ಕೆ ತಿರುಗಿಸಿ. ಆಮೇಲೆ ಅವರು ಕೋಪಿಸಿಕೊಳ್ಳಬಹುದು. ಕೋಪಿಸಿಕೊಳ್ಳುವುದಕ್ಕಾದರೂ ಅವರು ಬದುಕಿರಬೇಕಲ್ಲ.